ಮಂಡಿಯಿಂದ ಹಿಮ್ಮಡಿಯವರೆಗೆ

ನನ್ನ ತಮ್ಮನಿಗೆ ಈ ಕಡಲ ದಂಡೆಯಲ್ಲಿ ಅರ್ಧಣ್ಣ ಎಂದೇ ಹೆಸರು. ಹಲಗೆಯ ಮೇಲೆ ನಿಂತು ಅಲೆ ಇಳಿಯುವವರು ಯಾರಾದರೂ ಮೂವತ್ತು ಅಡಿಯ ಅಲೆ ಹಿಡಿದೆ ಎಂದು ಬಂದರೆ, ಅವನು ತಲೆಯೆತ್ತದೆ ಹದಿನೈದು ಅನ್ನುತ್ತಿದ್ದ. ಅಲೆಯನ್ನು ಬೆನ್ನ ಕಡೆಯಿಂದ ಅಳೆಯುವುದು ಕೆಲವು ಹಳಬರ ಲೆಕ್ಕ. ಬೆನ್ನು ಇಳಿಜಾರು, ಅಲೆಯ ಮುಂದೆ ಗೋಡೆಯಂತೆ ಏಳುವ ಮುಖದ ಅರ್ಧದಷ್ಟು ಕಂಡರೆ ಹೆಚ್ಚು. ಹೊಸಬರು ತಾವು ಇಳಿದ ಗೋಡೆಯನ್ನೇ ಅಳೆಯುತ್ತಾರೆ. ಈ ಜಗಳ ಕೇಳುತ್ತ ಕೇಳುತ್ತಲೇ ನನ್ನ ತಲೆ ನರೆಯಿತು.

ಅವನು ದಂಡೆಯ ಶೆಡ್ಡಿನಲ್ಲಿ ಮುರಿದ ಹಲಗೆ ರಿಪೇರಿ ಮಾಡುತ್ತಾನೆ. ಅದೇ ಶೆಡ್ಡಿನ ಮೂಲೆಯಲ್ಲಿ ನಾನು ಅಲೆ ಇಳಿಯುವವರು ತೊಡುವ ರಬ್ಬರ್ ಉಡುಪು ಹೊಲಿಯುತ್ತೇನೆ. ಕೆಲಸದಲ್ಲಿ ಅವನಷ್ಟು ನಿಯತ್ತಿನವನನ್ನು ಕಂಡಿಲ್ಲ. ಒಳಗೆ ನೀರು ಕುಡಿದ ಹಲಗೆಗೆ ಮೇಲೆ ಬಣ್ಣ ಬಳಿದು ಕೊಟ್ಟವನೇ ಅಲ್ಲ.

ಅವನ ಮೇಜಿನ ಮೇಲ್ಗಡೆ ಗಾಜಿಲ್ಲದ ಒಂದು ಫೋಟೋ. ಪ್ರಾಯದ ಅವನು ಮಂಡಿ ಬಗ್ಗಿಸಿ ನಿಂತಿದ್ದಾನೆ, ಹಿಂದೆ ಅಲೆ. ಕೆಳಗೆ ಅವನದೇ ಕೈಬರಹ: ನಲವತ್ತು ಅಡಿ. ಅದನ್ನು ಅರ್ಧ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಸಮುದ್ರ ಕೆರಳಿದ ದಿನ ದೊಡ್ಡ ಅಲೆ ಏಳುವ ದೂರದ ಬಂಡೆಗೆ ಒಂದೇ ದೋಣಿ ಹೋಗುತ್ತದೆ. ಇಪ್ಪತ್ತು ಅಡಿ ದಾಟಿದ ಅಲೆ ಇಳಿದವರಿಗಷ್ಟೇ ಜಾಗ. ದಾಟಿದ್ದಾರೋ ಇಲ್ಲವೋ ಹೇಳುವವನು ನನ್ನ ತಮ್ಮ. ಐಸ್ ಲಾರಿ ಓಡಿಸುವ ಹುಡುಗಿ ಮೂರು ವರ್ಷದಿಂದ ಆ ಜಾಗಕ್ಕೆ ಕಾದಿದ್ದಳು. ಮೊನ್ನೆ ತಾನು ಅಲೆ ಇಳಿಯುವ ಫೋಟೋ ತಂದಳು. ದೋಣಿಯವನೂ ಅಲ್ಲೇ ಕೂತಿದ್ದ.

"ಇಪ್ಪತ್ತೈದು ಇದೆ ಮಾಮ."

"ಹನ್ನೆರಡು."

"ನೋಡ್ದೇನೇ ಹೇಳ್ತೀರಲ್ಲ."

"ನೋಡಿದ್ರೆ ಹತ್ತಾಗುತ್ತೆ."

ದೋಣಿಯವನು ನಕ್ಕ. ಹುಡುಗಿ ಗೋಡೆಯ ಮೇಲಿನ ಅವನ ಫೋಟೋ ಕಡೆ ನೋಡಿದಳು. "ಅಲ್ಲ ಮಾಮ, ನಿಮ್ಮ ಅಲೆಗೆ ಬೆನ್ನೇ ಇರ್ಲಿಲ್ವಾ?"

ತಮ್ಮ ಹಲಗೆಯ ಬಿರುಕಿಗೆ ಹಚ್ಚುವ ರಾಳ ಕಲಸುವುದನ್ನು ನಿಲ್ಲಿಸಿದ.

"ಮನುಷ್ಯ ಎಷ್ಟೇ ಬಗ್ಗಲಿ, ಮಂಡಿಯಿಂದ ಹಿಮ್ಮಡಿವರೆಗೆ ಕಾಲು ಅಷ್ಟೇ ಉದ್ದ," ಎಂದಳು ಅವಳು. "ಅದನ್ನೇ ಕೋಲು ಮಾಡ್ಕೊಳ್ಳೋಣ. ದೊಡ್ಡಮ್ಮ, ನನ್ನದೆಷ್ಟು?"

"ಹದಿನಾರು ಇಂಚು," ಎಂದೆ. ಅವಳ ಉಡುಪು ಹೊಲಿದವಳು ನಾನೇ.

ಮೇಜಿನ ಮೇಲಿದ್ದ ಎರಡು ಮುಳ್ಳಿನ ಕೈವಾರ ತೆಗೆದುಕೊಂಡು, ಫೋಟೋದಲ್ಲಿ ತನ್ನ ಕಾಲಿನ ಉದ್ದ ಹಿಡಿದು, ಅಲೆಯ ಬುಡದಿಂದ ತುದಿಗೆ ಹೆಜ್ಜೆ ಹಾಕಿಸಿದಳು. ಹದಿನೆಂಟು ಹೆಜ್ಜೆ. ಇಪ್ಪತ್ತನಾಲ್ಕು ಅಡಿ.

"ಮಾಮಂದೆಷ್ಟು?"

"ಹದಿನೆಂಟು ಇಂಚು," ಎಂದುಬಿಟ್ಟೆ. ಹೊಲಿಯುವವಳ ಬಾಯಿಗೆ ಅಳತೆ ತಾನಾಗಿ ಬರುತ್ತದೆ. ಆಡಿದ ಮೇಲೆ ನೆನಪಾಯಿತು. ಹತ್ತು ವರ್ಷದ ಹಿಂದೆ ತಮ್ಮನೇ ಇದೇ ಅಳತೆ ಕೇಳಿದ್ದ. ಹೊಸ ಉಡುಪು ಬೇಕಾ ಎಂದರೆ, "ಸುಮ್ನೆ ಹೇಳಕ್ಕ" ಎಂದಿದ್ದ. ಅವತ್ತು ಆ ಫೋಟೋ ಕೆಳಗಿಳಿದು ಅವನ ಮೇಜಿನ ಮೇಲಿತ್ತು. ನಾನು ನೋಡಿದ್ದೆ, ಕೇಳಿರಲಿಲ್ಲ. ಅವನು ಎಲ್ಲರ ಅಲೆಯನ್ನೂ ಅರ್ಧ ಮಾಡಲು ಶುರು ಮಾಡಿದ್ದು ಆ ವರ್ಷವೇ.

ಹುಡುಗಿ ಗೋಡೆಯ ಫೋಟೋದಲ್ಲಿ ಅವನ ಕಾಲಿನ ಉದ್ದ ಹಿಡಿದು, ಅಲೆಯ ಬುಡಕ್ಕೆ ಮುಳ್ಳು ಊರಿದಳು. ಕೈ ತಡೆಯಿತು.

"ಇಲ್ಲಿ ಮೊದಲೇ ತೂತಿದೆ."

ಮುಂದಿನ ಹೆಜ್ಜೆಯೂ ಹಳೆಯ ತೂತಿಗೇ ಬಿತ್ತು. ಅದರ ಮುಂದಿನದೂ. ಅವಳು ಎಣಿಸುವುದನ್ನೇ ಬಿಟ್ಟಳು. ಎಣಿಸಿದವನು ದೋಣಿಯವನು. "ಹದಿನೈದು. ಅಂದ್ರೆ ಇಪ್ಪತ್ತೆರಡೂವರೆ..." ಯಾರೂ ನಗಲಿಲ್ಲ.

ಡಬ್ಬಿಯಲ್ಲಿ ರಾಳ ಗಟ್ಟಿಯಾಗುತ್ತಿತ್ತು. ತಮ್ಮ ಅದನ್ನೇ ನೋಡುತ್ತಿದ್ದ, ಕಿವಿ ಕೆಂಪಾಗಿತ್ತು.

"ಇಳಿದಾಗ ನಲವತ್ತೇ ಅನ್ನಿಸಿತ್ತು. ಹೇಳ್ಬಿಟ್ಟೆ," ಎಂದ. "ಅಳೆದಿದ್ದು ಎಷ್ಟೋ ವರ್ಷ ಆದ್ಮೇಲೆ."

"ಅಳೆದ್ಮೇಲೆ ನಮ್ಮದನ್ನೆಲ್ಲ ಕತ್ತರಿಸಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಅವನು ಎದ್ದು ನಲವತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ಇಪ್ಪತ್ತೆರಡೂವರೆ ಎಂದು ಬರೆದ. ದೋಣಿಯ ಪಟ್ಟಿಗೆ ಅವಳ ಹೆಸರು ಸೇರಿಸಿ, ಪಟ್ಟಿಯನ್ನು ದೋಣಿಯವನ ಕೈಗಿತ್ತ. "ಇನ್ಮೇಲೆ ನೀನೇ ಬರ್ಕೋ."

ಹೊರಟ ಹುಡುಗಿ ನನ್ನ ಹೊಲಿಗೆ ಮಿಷನ್ನಿನ ಬಳಿ ನಿಂತಳು.

"ದೊಡ್ಡಮ್ಮ, ನಿಮಗೂ ಗೊತ್ತಿತ್ತಾ?"

ಈ ಹತ್ತು ವರ್ಷದಲ್ಲಿ ಎಷ್ಟು ಮಕ್ಕಳು ಆ ಬಾಗಿಲಿನಿಂದ ತಲೆತಗ್ಗಿಸಿ ಹೋದರೋ. ಎಲ್ಲರ ಕಾಲಿನ ಅಳತೆಯೂ ನನ್ನ ಪುಸ್ತಕದಲ್ಲಿತ್ತು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಬಗ್ಗಿಸಿದೆ. ಸೂಜಿಯಲ್ಲಿ ದಾರ ಆಗಲೇ ಇತ್ತು. ಅವಳು ಅದನ್ನು ನೋಡಿದಳು.