ಕೆಳಗಿನ ಸಾಲಿನ ವೀರ

ಮೊನ್ನೆ ಮಧುಗಿರಿಯಿಂದ ಊರಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಹರಳೆಣ್ಣೆ ಸೋರಿ ನನ್ನ ಪ್ಯಾಂಟಿಗೆ ಮೆತ್ತಿಕೊಂಡಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಅಜ್ಜಿ ನೆನಪಾದರು...

ಬಡವನಹಳ್ಳಿ ಹತ್ತಿರದ ನಮ್ಮೂರ ಹೊಲದ ಅಂಚಿನಲ್ಲಿ ಒಂದು ವೀರಗಲ್ಲಿದೆ. ಕೆಳಗಿನ ಸಾಲಿನಲ್ಲಿ ಊರ ದನಗಳಿಗಾಗಿ ಕಾದಾಡುವ ವೀರ, ಮೈತುಂಬ ಬಾಣ. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೊರಟಿದ್ದಾರೆ. ಮೇಲಿನದು ಸ್ವರ್ಗ, ಅಲ್ಲಿ ಲಿಂಗದ ಎದುರು ಅವನೇ ಕೂತಿದ್ದಾನೆ. ಅಜ್ಜಿ ಪ್ರತಿ ಸೋಮವಾರ ಹರಳೆಣ್ಣೆ ಬಾಟಲಿ ಹಿಡಿದು ಹೋಗುತ್ತಿದ್ದರು. ಮೊದಲು ತಮ್ಮ ಮಂಡಿಗೆ ನೀವಿಕೊಂಡು, ಆಮೇಲೆ ಕಲ್ಲಿಗೆ ಹಚ್ಚುತ್ತಿದ್ದರು. ಅದೂ ಕೆಳಗಿನ ಸಾಲಿಗೆ ಮಾತ್ರ.

ನಾನಾಗ ಯಾರ ಸಹಾಯವೂ ಇಲ್ಲದೆ ಹಳಗನ್ನಡ ಕಾವ್ಯ ಓದಲು ಶುರುಮಾಡಿದ್ದೆ. ಸಿಕ್ಕಿದವರಿಗೆಲ್ಲ ವೀರ ಅಂದರೆ ಯಾರು ಅಂತ ಕೊರೆಯುತ್ತಿದ್ದೆ. ವೀರನಿಗೆ ಸಾವೇ ಹಬ್ಬ, ಪೂಜೆ ಸಲ್ಲಬೇಕಾದ್ದು ಸ್ವರ್ಗದಲ್ಲಿರುವವನಿಗೆ ಎಂದು ಅಜ್ಜಿಗೂ ಪಾಠ ಮಾಡಿದೆ.

"ಮ್ಯಾಲಿರೋನ್ಗೇನ್ ಕಮ್ಮಿ ಬುಡ್ಲಾ, ತಣ್ಣಗೆ ಕುಂತವ್ನೆ," ಅಂದರು. "ಕೆಳಗಿರೋನ್ಗೆ ಇನ್ನೂವೆ ಏಟು ಬೀಳ್ತಾ ಐತೆ. ಗಾಯಕ್ಕೆ ಎಣ್ಣೆ ಬ್ಯಾಡ್ವಾ?"

ನನಗೆ ನಗು ಬಂದಿತ್ತು.

ಮುಂದೆ ಅಜ್ಜಿ ಬಿದ್ದು, ಸೊಂಟ ಮುರಿದು ಆಸ್ಪತ್ರೆ ಸೇರಿದರು. ಎಣ್ಣೆ ಜಿಡ್ಡಿನ ಅಡಿಯಲ್ಲಿ ಶಾಸನ ಇರಬಹುದೆಂಬ ಆಸೆ ನನಗೆ. ಆ ವಾರವೇ ಸೋಪಿನಪುಡಿ ಹಾಕಿ, ತಂತಿ ಬ್ರಷ್ಷಿನಿಂದ ಕಲ್ಲನ್ನು ಉಜ್ಜಿದೆ. ಜಿಡ್ಡು ಹೋಯಿತು. ಅದರ ಜೊತೆ ಕೆಳಗಿನ ವೀರನ ಮುಖವೂ ಚಕ್ಕೆ ಎದ್ದು ಬಂತು. ಅಕ್ಷರ ಒಂದೂ ಇರಲಿಲ್ಲ.

ಆಸ್ಪತ್ರೆಗೆ ಹೋಗಿ ಫೋನಿನಲ್ಲಿ ಫೋಟೋ ತೋರಿಸಿದೆ. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬೈಯಲಿಲ್ಲ.

"ಒಣಗ್ಬುಟ್ಟವ್ನೆ ಕಣಪ್ಪ," ಅಂದರು. ದಿಂಬಿನಡಿಯಿಂದ ಬಾಟಲಿ ತೆಗೆದು ನನ್ನ ಕೈಗಿಟ್ಟರು. "ನನ್ ಕೈಲಿ ಇನ್ನಾಗಕಿಲ್ಲ. ಸೋಮ್ವಾರ ನೀನೇ ಹಚ್ಬುಟ್ಟು ಬಾ."

ಆ ಸೋಮವಾರ ನಾನು ಹೋಗಲಿಲ್ಲ. ಹಾಳುಮಾಡಿದ ಆ ಮುಖದ ಎದುರು ನಿಲ್ಲುವ ಧೈರ್ಯ ಬರಲಿಲ್ಲ. ಹಚ್ಚಿ ಬಂದೆ ಅಂತ ಸುಳ್ಳು ಹೇಳಿದೆ. ಅಜ್ಜಿ "ಸದ್ಯ" ಅಂದು ದಿಂಬಿಗೆ ಒರಗಿದರು. ಅಲ್ಲಿಂದ ಅವರು ಊರಿಗೆ ಮರಳಲಿಲ್ಲ...

ಈಗ ವೀರರ ಮಾತೆತ್ತಿದರೇ ಸುಸ್ತಾಗುತ್ತದೆ. ಮೊನ್ನೆ ಬಸ್ಸಿಳಿದು ಮನೆಗೆ ಹೋದವನು, ಬೀರುವಿನಲ್ಲಿ ಬಚ್ಚಿಟ್ಟಿದ್ದ ಬಾಟಲಿ ತೆಗೆದುಕೊಂಡು ಹೊಲಕ್ಕೆ ನಡೆದೆ. ಮುಖ ಇದ್ದ ಜಾಗಕ್ಕೆ ಬೆರಳಲ್ಲಿ ನೀವಿದೆ. ನೋಡನೋಡುತ್ತ ಎಣ್ಣೆ ಇಂಗಿತು. ಇನ್ನಷ್ಟು ಹಚ್ಚಿದೆ, ಅದೂ ಇಂಗಿತು. ಬಾಟಲಿ ಬೋರಲು ಹಾಕಿದೆ. ಅಜ್ಜಿಯ ಎಣ್ಣೆ ಮುಗಿದಿತ್ತು, ಕಲ್ಲು ಇನ್ನೂ ಒಣಗಿಯೇ ಇತ್ತು.