ಮೇಷ್ಟ್ರ ಹೆಸರಲ್ಲಿ ನಾನು ಹಾಕಿದ ಕೆಂಪು ಗುರುತು

ನನ್ನ ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು. ಉಳಿದದ್ದೆಲ್ಲ ಪಾಸು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಹನೂರಿನ ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೊಬ್ಬಳೇ. ಇಂಗ್ಲಿಷ್ ಪಾಸು ಮಾಡಿಕೊಂಡರೆ ಟೀಚರ್ ಟ್ರೈನಿಂಗಿಗೆ ಸೇರುವ ಆಸೆ ಅವಳಿಗೆ.

ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಕೆಲಸದಲ್ಲಿದ್ದೆ. ಶನಿವಾರ ಊರಿಗೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ಕೊಳ್ಳೇಗಾಲದಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಅವಳ ನೋಟ್‌ಬುಕ್ ತಿದ್ದಿಕೊಡಲು ಒಪ್ಪಿದ್ದರು. ಒಂದು ಪೈಸೆ ಕೇಳಲಿಲ್ಲ. ಸೋಮವಾರ ಕೊಟ್ಟು ಶನಿವಾರ ತರುವುದಷ್ಟೇ ನನ್ನ ಕೆಲಸ.

ನಾಲ್ಕನೇ ವಾರ ಮೇಷ್ಟ್ರು ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡರು. "ನೋಡಯ್ಯ, ಪದದ ಕೊನೇಲಿ ಇಂಗ್ ಬಂದ್ರೆ ಅದು ಬರೀ ಕ್ರಿಯಾಪದ ಅಂದ್ಕೊಂಡಿದ್ದಾಳೆ ನಿನ್ನ ತಂಗಿ. ಸ್ವಿಮ್ಮಿಂಗ್ ಒಳ್ಳೇದು ಅಂದಾಗ ಅದು ಹೆಸರಿನ ಜಾಗದಲ್ಲಿ ಕೂತಿದೆ. ರನ್ನಿಂಗ್ ಬಸ್ಸು ಅಂದಾಗ ಬಸ್ಸು ಎಂಥದು ಅಂತ ಹೇಳ್ತಿದೆ, ಗುಣವಾಚಕದ ಕೆಲಸ. ಇಷ್ಟು ಹೇಳು, ಸಾಕು."

"ಆಯ್ತು ಸಾ."

"ಏನು ಹೇಳ್ತೀಯ? ಎಲ್ಲಿ, ನನಗೇ ಹೇಳು ನೋಡೋಣ."

"ಸ್ವಿಮ್ಮಿಂಗ್ ಒಳ್ಳೇದು ಸಾ," ಎಂದೆ. ಬಾಗಿಲ ಹಿಂದೆ ಅವರ ಮನೆಯ ಹೆಣ್ಣುಮಕ್ಕಳು ನಕ್ಕರು. "ಮಗ್ಗಕ್ಕೆ ಕೈ ಸಾಕು, ಇದಕ್ಕೆ ತಲೆ ಬೇಕು ಕಣಯ್ಯ," ಎಂದು ಮೇಷ್ಟ್ರೂ ನಕ್ಕರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಊರಿಗೆ ಬಂದರೆ ತಂಗಿ ಬಿಡಲಿಲ್ಲ. "ಏನ್ ಏಳುದ್ರು ಅಣ್ಣ?"

"ಬಸ್ಸು ಓಡ್ತದೆ ಅಂದ್ರು."

"ಅಯ್ಯೋ ನಿನ್ನ! ಮಗ್ಗದಲ್ಲಿ ಒಂದೆಳೆ ತಪ್ಪಕಿಲ್ಲ, ತಲೇಲಿ ಒಂದ್ ಮಾತ್ ನಿಲ್ಲಕಿಲ್ವಲ್ಲ!"

ಅವಳು ತಮಾಷೆಗೆ ಅಂದದ್ದು. ಆದರೆ ಮುಂದಿನ ಸೋಮವಾರ ನಾನು ಮೇಷ್ಟ್ರ ಮನೆಯ ಬೀದಿಗೆ ತಿರುಗಲಿಲ್ಲ. ನೋಟ್‌ಬುಕ್ಕು ವಾರವೆಲ್ಲ ನನ್ನ ಚೀಲದಲ್ಲೇ ಇತ್ತು. ಶನಿವಾರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ಮಗ್ಗದ ಮನೆಯಿಂದ ತಂದಿದ್ದ ಕೆಂಪು ಪೆನ್ಸಿಲಿನಲ್ಲಿ ನಾನೇ ಗುರುತು ಹಾಕಿದೆ. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವನು, ಇಂಗ್ಲಿಷಿನ ಒಂದಕ್ಷರವೂ ಗೊತ್ತಿಲ್ಲ. ಎಲ್ಲಕ್ಕೂ ಸರಿ ಹಾಕಿದರೆ ಅನುಮಾನ ಬರುತ್ತದೆಂದು ಅಲ್ಲಲ್ಲಿ ತಪ್ಪು ಹಾಕಿದೆ. ಉದ್ದದ ಸಾಲುಗಳನ್ನು ಹುಡುಕಿ ಹಾಕಿದೆ.

"ಸರಿ ಉತ್ರ ಬರ್ದೇ ಇಲ್ವಲ್ಲ ಮೇಷ್ಟ್ರು?" ಎಂದು ತಂಗಿ ಕೇಳಿದಳು.

"ನೀನೇ ಯೋಚ್ನೆ ಮಾಡ್ಬೇಕಂತೆ. ಬುದ್ಧಿವಂತೆ ಅಂದ್ರು," ಎಂದೆ.

ಅವಳ ಮುಖ ಅರಳಿತು. ನಾನು ತಪ್ಪು ಹಾಕಿದ ಸಾಲುಗಳನ್ನೆಲ್ಲ ರಬ್ಬರಿನಲ್ಲಿ ಅಳಿಸಿ ಬೇರೆ ಥರ ಬರೆದಳು. ಮುಂದಿನ ಶನಿವಾರ ಅವಕ್ಕೆಲ್ಲ ಸರಿ ಹಾಕಿ ತಂದುಕೊಟ್ಟೆ. ಪರೀಕ್ಷೆ ಬರುವವರೆಗೂ ಹೀಗೇ ನಡೆಯಿತು.

ಪರೀಕ್ಷೆಗೆ ಕೊಳ್ಳೇಗಾಲಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಹೊರಗೆ ಬಂದವಳು ನಗುತ್ತಿದ್ದಳು. "ಮೇಷ್ಟ್ರು ಸರಿ ಅಂದಿದ್ದಂಗೇ ಬರ್ದಿವ್ನಿ ಕಣಣ್ಣ." ನಾನು ಅವಳಿಗೆ ಕಬ್ಬಿನ ಹಾಲು ಕೊಡಿಸಿದೆ.

ಮತ್ತೆ ಫೇಲು. ಅಪ್ಪ ಬೈಯಲಿಲ್ಲ. "ಇನ್ನೊಂದ್ಸಲ ಕಟ್ಟವ್ವ, ಏನೀಗ," ಎಂದರು. ಇವಳೇ ಒಪ್ಪಲಿಲ್ಲ. "ಆ ವಯಸ್ಸಾದ ಮೇಷ್ಟ್ರು ಅಷ್ಟು ಕಷ್ಟಬಿದ್ದು ತಿದ್ದುದ್ರೂ ನನ್ ತಲೆಗೆ ಅತ್ನಿಲ್ಲ. ಯಾವ್ ಮಕ ಒತ್ಕಂಡು ಇನ್ನೊಂದ್ಸಲ ಪುಸ್ತಕ ಕಳಿಸ್ಲಿ? ಬ್ಯಾಡ ಬುಡಪ್ಪ."

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಮೇಷ್ಟ್ರು ತಿದ್ದಿಲ್ಲ, ನಾನು ತಿದ್ದಿದ್ದು ಎಂದು ಒಂದು ಮಾತು ಅಂದಿದ್ದರೆ ಅವಳು ಮತ್ತೆ ಕಟ್ಟುತ್ತಿದ್ದಳು. ಅನ್ನಲಿಲ್ಲ. ಪೆನ್ಸಿಲ್ ಹಿಡಿದಾಗ ತಂಗಿಯನ್ನು ಕೆಡಿಸಬೇಕೆಂದು ನನಗಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಆವತ್ತು ಸುಮ್ಮನೆ ನಿಂತದ್ದಕ್ಕೆ ಅಷ್ಟೂ ಹೇಳಿಕೊಳ್ಳಲು ಬರುವುದಿಲ್ಲ.

ಅದೇ ವರ್ಷ ಅವಳನ್ನು ಯಳಂದೂರಿಗೆ ಕೊಟ್ಟರು. ಕೆಲವು ತಿಂಗಳ ಮೇಲೆ ಮೇಷ್ಟ್ರು ಸಂತೆಯಲ್ಲಿ ಸಿಕ್ಕಿದರು. "ಏನಯ್ಯಾ, ನಿನ್ನ ತಂಗಿ ಪುಸ್ತಕ ಕಳಿಸೋದೇ ಬಿಟ್ಲಲ್ಲ? ಕಾದೆ ಕಾದೆ," ಎಂದರು. ಮದುವೆಯಾಯಿತು ಸಾ ಎಂದು ಹೇಳಿ ತಪ್ಪಿಸಿಕೊಂಡೆ.

ಆರೇಳು ವರ್ಷವಾದ ಮೇಲೆ, ತಡೆಯಲಾರದೆ, ಒಂದು ಮಧ್ಯಾಹ್ನ ಯಳಂದೂರಿಗೆ ಹೋದೆ. ಅವಳು ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ಮಾತ್ರ ನಿಂತಿತು.

"ನೀನು ತಪ್ಪು ಆಕುದ್ಯಲ್ಲ, ನಾನು ಮೊದ್ಲು ಬರ್ದಿದ್ದು. ಅದು ಸರಿ ಇತ್ತಾ ಅಣ್ಣ?"

"ಗೊತ್ತಿಲ್ಲ ಕಣವ್ವ."

ನಿಜವಾಗಿಯೂ ಗೊತ್ತಿರಲಿಲ್ಲ. ಮೊದಲು ಬರೆದದ್ದನ್ನು ಆಗಲೇ ಅಳಿಸಿದ್ದಳು, ಆ ನೋಟ್‌ಬುಕ್ಕನ್ನೂ ಮದುವೆಗೆ ಮುಂಚೆಯೇ ನೀರೊಲೆಗೆ ಹಾಕಿದ್ದಳು. ಮೊರವನ್ನು ಪಕ್ಕಕ್ಕೆ ಸರಿಸಿ, ನನಗಲ್ಲ, ತನಗೇ ಹೇಳಿಕೊಂಡಳು:

"ಅಂಗಾರೆ ನಾನು ದಡ್ಡಿ ಅಲ್ದೆ ಇದ್ರೂ ಇರಬೋದು."