ಡೇರೆಯ ಜಿಪ್ಪು, ಎರಡು ಬಾಳೆಹಣ್ಣು

ಸಿಟ್ಟು ಬಂದಾಗ ನಾನು ಐರ್ಲೆಂಡಿನ ನಮ್ಮೂರು ಡನ್ ಲಿಯರಿಯಲ್ಲಿ, ಸಮುದ್ರದೊಳಕ್ಕೆ ಚಾಚಿದ ಕಲ್ಲುಕಟ್ಟೆ ಪಿಯರ್ ಮೇಲೆ ನಡೆಯುತ್ತೇನೆ. ಗಾಳಿಗೆ ಟೋಪಿ ಹಾರಿ ಸಮುದ್ರಕ್ಕೆ ಬಿದ್ದೀತೆಂಬ ಚಿಂತೆಯಲ್ಲೇ ಸಿಟ್ಟು ಅರ್ಧ ಇಳಿದುಹೋಗುತ್ತದೆ. ಆ ದಿನ ಇಳಿಯಲಿಲ್ಲ. ಎರಡು ವಾರದ ಹಿಂದೆ ನಾವು ತಂಗಿದ್ದ ಆಫ್ರಿಕಾದ ಸಫಾರಿ ಲಾಡ್ಜಿನಿಂದ ಇಮೇಲ್ ಬಂದಿತ್ತು. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಡೇರೆಯ ಜಿಪ್ಪು ತೆರೆದಿಟ್ಟ ನೌಕರನನ್ನು ಕೆಲಸದಿಂದ ನಿಲ್ಲಿಸಿದ್ದೇವೆ. ನೀವು ಹೊರಟಾಗ ಜಿಪ್ಪು ಮುಚ್ಚಿತ್ತೆಂದು ಒಂದು ಸಾಲು ಬರೆದರೆ ಅವನ ಫೈಲು ಮುಗಿಸುತ್ತೇವೆ."

ಜಿಪ್ಪು ತೆರೆದಿಟ್ಟವನು ನಾನು.

ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂದು ಹೆಂಡತಿ ಹಟ ಹಿಡಿದು ಆರಿಸಿದ ಜಾಗ ಅದು. ಹೆಸರಿಗೆ ಡೇರೆ. ಒಳಗೆ ನಾಲ್ಕು ಕಂಬದ ಮಂಚ, ತಾಮ್ರದ ಸ್ನಾನದ ತೊಟ್ಟಿ. ಇಲ್ಲಿನ ನಮ್ಮ ಮನೆಯ ಕೆಳಮಹಡಿಗಿಂತ ದೊಡ್ಡದು. ಡೇರೆಯ ಉಸ್ತುವಾರಿ ನೋಡುತ್ತಿದ್ದವರು ನನಗಿಂತ ಹಿರಿಯರು, ಮೆದು ಮಾತಿನವರು. ಬಂದ ದಿನವೇ ಎರಡು ವಿಷಯ ಹೇಳಿದ್ದರು: ಒಳಗೆ ತಿನ್ನುವುದೇನನ್ನೂ ಇಡಬೇಡಿ, ಹೊರಡುವಾಗ ಜಿಪ್ಪು ಪೂರ್ತಿ ಎಳೆದು ಕೊಕ್ಕೆ ಹಾಕಿ, ಬಬೂನ್ ಕೋತಿಗಳು ಹೊಂಚು ಹಾಕುತ್ತಿರುತ್ತವೆ. ಹಾಗೆಂದು ಬರೆದ ಕಾಗದಕ್ಕೆ ನಾನು ಸಹಿಯನ್ನೂ ಹಾಕಿದ್ದೆ.

ಮೂರನೆಯ ದಿನ ಬೆಳಗ್ಗೆ ಜೀಪು ಹತ್ತುವ ಮುನ್ನ ಎಂದಿನ ಚಿಂತೆ ಶುರುವಾಯಿತು. ಗಾಡಿ ಕೆಟ್ಟರೆ? ಆನೆ ಅಟ್ಟಿಸಿಕೊಂಡು ಬಂದರೆ? ನನ್ನ ಚೀಲದಲ್ಲಿ ಯಾವಾಗಲೂ ಇರುವ ಪುಟ್ಟ ಗಣಪತಿ ಫೋಟೋವನ್ನು ಮೇಜಿನ ಮೇಲಿಟ್ಟು, ಬಫೆಯಿಂದ ತಂದಿದ್ದ ಎರಡು ಬಾಳೆಹಣ್ಣನ್ನು ನೈವೇದ್ಯ ಮಾಡಿದೆ. ದೇವರ ಮುಂದಿಟ್ಟದ್ದು ತಿಂಡಿ ಹೇಗಾದೀತು ಎಂಬುದು ನನ್ನ ತರ್ಕ.

ಎರಡನೆಯ ತಪ್ಪು ಐರ್ಲೆಂಡ್ ಕಲಿಸಿದ ಚಾಳಿ. ಹದಿನಾರು ವರ್ಷ ಗೋಡೆಯ ಬೂಷ್ಟಿನೊಡನೆ ಹೋರಾಡಿ, ಮನೆ ಬಿಡುವಾಗ ಕಿಟಕಿಯನ್ನು ಒಂದು ಗೇಣು ತೆರೆದಿಡುವುದು ನನ್ನ ಕೈಗೆ ಅಂಟಿಬಿಟ್ಟಿದೆ. ಸ್ನಾನದ ಹಬೆ ಹೋಗಲೆಂದು ಜಿಪ್ಪನ್ನೂ ಒಂದು ಗೇಣು ಬಿಟ್ಟೆ. ಕಣ್ಣು ಹಾಯಿಸಿದಷ್ಟು ದೂರ ಒಣಹುಲ್ಲು. ನನಗೆ ಬೂಷ್ಟಿನ ಭಯ! ಹದಿನೈದರ ಮಗಳು ನಗುತ್ತ ಫೋಟೋ ತೆಗೆದಳು. "ಡಿಲೀಟ್ ಮಾಡೇ, ಯಾರಾದ್ರೂ ನೋಡಿದ್ರೆ ಕಷ್ಟ" ಎಂದೆ. "ಮಾಡಿದೀನಿ" ಎಂದಳು.

ಹಿಂತಿರುಗಿದಾಗ ಸೊಳ್ಳೆಪರದೆ ಚಿಂದಿಯಾಗಿತ್ತು. ದಿಂಬಿನ ಹತ್ತಿ ನೆಲದ ತುಂಬ ಹರಡಿತ್ತು. ಹೆಂಡತಿಯ ರೇಷ್ಮೆ ಸೀರೆ ತೊಟ್ಟಿಯಲ್ಲಿ ತೇಲುತ್ತಿತ್ತು. ಬಾಳೆಹಣ್ಣಿನ ಸಿಪ್ಪೆ ಕೂಡ ಉಳಿದಿರಲಿಲ್ಲ. ಗಣಪತಿ ಮಾತ್ರ ಕೂತಲ್ಲೇ ಕೂತಿದ್ದ.

ಮ್ಯಾನೇಜರ್ ಬಂದವನೇ ನಮ್ಮನ್ನು ಒಂದು ಮಾತೂ ಕೇಳದೆ, ಆ ಹಿರಿಯರನ್ನು ಚಿಟಿಕೆ ಹೊಡೆದು ಕರೆದ. ಚಿಟಿಕೆ! ಅಕ್ಕಪಕ್ಕದ ಅತಿಥಿಗಳೆಲ್ಲ ಬಂದು ನಿಂತಿದ್ದರು.

"ಒಂದು ಜಿಪ್ಪು ಎಳೆಯೋಕೂ ಬರಲ್ವಾ ನಿನಗೆ?"

"ನಾನು ಈ ಡೇರೆಗೆ ಇವತ್ತು ಇನ್ನೂ ಬಂದೇ ಇಲ್ಲ ಸರ್."

"ಹಾಗಾದ್ರೆ ಅತಿಥಿಗಳು ಸುಳ್ಳು ಹೇಳ್ತಿದಾರಾ?"

ಅತಿಥಿಗಳು ಇನ್ನೂ ಬಾಯೇ ಬಿಟ್ಟಿರಲಿಲ್ಲ. ಹಿರಿಯರು ನನ್ನನ್ನು ಒಮ್ಮೆ ನೋಡಿದರು. ನಾನು ಕೆಮ್ಮಿದೆ. ಅಷ್ಟೇ ನನ್ನ ಸಾಕ್ಷಿ. ಸಂಜೆ ಲಾಡ್ಜಿನವರ ಕ್ಷಮಾಪಣೆಯಾಗಿ ನಮ್ಮ ಮೇಜಿಗೆ ಕೇಕ್ ಬಂತು. ತಿಂದೆ. ಎರಡನೆಯ ತುಂಡನ್ನೂ ತಿಂದೆ.

ಈಗ ಪಿಯರ್ ಮೇಲೆ ನಿಂತು ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಬಾಳೆಹಣ್ಣು, ಜಿಪ್ಪು, ಕೆಮ್ಮು ಸಹಿತ.

"ನಿಮ್ಮದು ದೊಡ್ಡ ಮನಸ್ಸು ಸರ್," ಎಂದ. "ಅವನ ಮೇಲೆ ಕನಿಕರಪಟ್ಟು ಹೀಗೆ ಹೇಳ್ತಿದೀರಿ. ನಮ್ಮ ಅತಿಥಿಗಳು ಅಂಥವರಲ್ಲ."

ಮೈ ಉರಿದುಹೋಯಿತು. ನಾನು ಹೇಡಿಯಾಗಿದ್ದಾಗ ಕೇಕ್ ಕೊಟ್ಟವನು, ನಿಜ ಹೇಳಿದಾಗ ನನ್ನನ್ನು ಧರ್ಮರಾಯನನ್ನಾಗಿ ಮಾಡುತ್ತಿದ್ದಾನೆ!

"ಅಂಥವನೇ ಕಣ್ರೀ ನಾನು!" ಎಂದು ಕನ್ನಡದಲ್ಲೇ ಕೂಗಿದೆ. ಫೋನ್ ಆಗಲೇ ಕಟ್ಟಾಗಿತ್ತು. ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು "ಗ್ರ್ಯಾಂಡ್ ಇದ್ದೀರಾ?" ಎಂಬಂತೆ ನೋಡಿದಳು. "ಗ್ರ್ಯಾಂಡ್, ಗ್ರ್ಯಾಂಡ್" ಎಂದೆ. ಚೆನ್ನಾಗಿದ್ದೇನೆ ಎನ್ನಲು ಈ ದೇಶದಲ್ಲಿ ಬೇರೆ ಉತ್ತರ ನಾನು ಕಲಿತಿಲ್ಲ.

ಮನೆಗೆ ಬಂದು ಹೇಳಿದರೆ ಹೆಂಡತಿ ಸುಮ್ಮನಿರುತ್ತಾಳೆಯೇ?

"ಬಾಯಿ ಬಿಡ್ರಿ ಅಂತ ಅಲ್ಲೇ ಹೇಳ್ದೆ. ಬಾಯ್ತುಂಬ ಕೇಕ್ ಇತ್ತಲ್ಲ ನಿಮಗೆ."

"ನೀನೂ ತಿಂದೆ."

"ಒಂದೇ ಪೀಸು!"

ಮಗಳು ಸೋಫಾದಿಂದಲೇ ಫೋನ್ ಚಾಚಿದಳು. ಬಾಳೆಹಣ್ಣು, ಗಣಪತಿ, ಹಿಂದೆ ತೆರೆದ ಜಿಪ್ಪು, ಅದರ ಮೇಲೆ ನನ್ನ ಕೈ.

"ಡಿಲೀಟ್ ಮಾಡಿದೀನಿ ಅಂದಿದ್ಯಲ್ಲೇ!"

"ಡ್ಯಾಡ್, ಯು ಸೈನ್ಡ್ ಎ ಫಾರ್ಮ್ ಸೇಯಿಂಗ್ ನೋ ಫುಡ್."

ಫೋಟೋ ಸೇರಿಸಿ ಇಮೇಲ್ ಕಳಿಸಿದೆ. ನಾಲ್ಕು ದಿನದ ಮೇಲೆ ಎರಡು ಸಾಲು ಬಂತು. ನೌಕರನನ್ನು ಕೆಲಸಕ್ಕೆ ಮರಳಿ ಕರೆಸಲಾಗಿದೆ. ನಿಯಮ ಮುರಿದ ತಮ್ಮನ್ನು ಮುಂದೆ ಸ್ವಾಗತಿಸಲಾಗದು.

ಕರೆಸಲಾಗಿದೆಯಂತೆ! ಆ ಮನುಷ್ಯನ ಕ್ಷಮೆ ಕೇಳಿದೆವೆಂದು ಎಲ್ಲೂ ಇರಲಿಲ್ಲ. ನೀರಿಳಿಸಿ ಉತ್ತರ ಬರೆಯೋಣವೆಂದು ಫೋಟೋ ಜೊತೆ ಕಳಿಸಿದ್ದ ನನ್ನ ಇಮೇಲ್ ತೆರೆದೆ. ಒಂಬತ್ತು ಪ್ಯಾರಾ. ಬೂಷ್ಟಿನ ಮೇಲೇ ಎರಡು. ಲಾಡ್ಜಿನ ಕ್ಷಮೆ ಕೇಳಿದ್ದೆ, ಮ್ಯಾನೇಜರನ ಕ್ಷಮೆ ಕೇಳಿದ್ದೆ, ಸೊಳ್ಳೆಪರದೆಗೂ ವಿಷಾದಿಸಿದ್ದೆ. ಆ ಹಿರಿಯರಿಗೆಂದು ಒಂದು ಸಾಲೂ ಇರಲಿಲ್ಲ.

ಈಗ ಬರೆದಿದ್ದೇನೆ. ಒಂದೇ ಪ್ಯಾರಾ. ಅದನ್ನು ಅವರ ಕೈಗೆ ತಲುಪಿಸಬೇಕಾದವನೂ ಆ ಚಿಟಿಕೆ ಹೊಡೆದವನೇ.